ಮೂರು ಹೊತ್ತಗೆ, ಒಂದು ಮನೆ

ಪುಸ್ತಕ ವಿಮರ್ಶೆ ಮಾಡುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದಕ್ಕೆ ಬೇಕಾದ ಶಾಸ್ತ್ರಜ್ಞಾನವಾಗಲಿ, ಇದು ಮೇಲು ಇದು ಕೀಳೆಂದು ತೂಗಿ ಹೇಳುವ ಧೈರ್ಯವಾಗಲಿ ನನ್ನಲ್ಲಿಲ್ಲ. ಆದರೆ ಐವತ್ತು ವರ್ಷಗಳಿಂದ ರಾತ್ರಿಯ ಊಟವಾದ ಮೇಲೆ ಒಂದಷ್ಟು ಹೊತ್ತು ದೀಪದ ಬಳಿ ಕುಳಿತು ಓದುವ ರೂಢಿಯಿಟ್ಟುಕೊಂಡು ಬಂದವನಿಗೆ, ಒಂದು ಪುಸ್ತಕ ತನ್ನನ್ನು ಎಲ್ಲಿ ಮುಟ್ಟಿತು, ಎಲ್ಲಿ ಚುಚ್ಚಿತು, ಎಲ್ಲಿ ಆಕಳಿಸುವಂತೆ ಮಾಡಿತು ಎಂದು ಹೇಳಿಕೊಳ್ಳುವ ಸ್ವಾತಂತ್ರ್ಯವಾದರೂ ಉಂಟಷ್ಟೆ. ಆ ಸ್ವಾತಂತ್ರ್ಯವನ್ನು ಮಾತ್ರ ಇಲ್ಲಿ ಬಳಸಿಕೊಳ್ಳುತ್ತಿದ್ದೇನೆ.

ಈಚಿನ ದಿನಗಳಲ್ಲಿ ಒಂದರ ಹಿಂದೊಂದಾಗಿ ಮೂರು ಪುಸ್ತಕಗಳನ್ನು ಓದಿದೆ. ಒಂದು ಕಾದಂಬರಿ, ಒಂದು ಕಥಾಸಂಕಲನ, ಒಂದು ಆತ್ಮಕಥೆ. ಬರೆದವರು ಬೇರೆ ಬೇರೆ ಪ್ರಾಂತದವರು, ಬೇರೆ ಬೇರೆ ಮನೋಧರ್ಮದವರು. ಒಂದನ್ನು ಓದುವಾಗ ಇನ್ನೊಂದರ ನೆನಪು ಬರಲು ಹೊರನೋಟಕ್ಕೆ ಯಾವ ಕಾರಣವೂ ಇಲ್ಲ. ಆದರೂ ಮೂರನ್ನೂ ಮುಗಿಸಿ ಮೇಜಿನ ಮೇಲೆ ಒಟ್ಟಿಗೆ ಇಟ್ಟಾಗ, ಅವು ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಮನೆಯ ಬಾಗಿಲು ತಟ್ಟಿದಂತೆ ತೋರಿತು. ಆ ಮನೆ ನನ್ನದೇ ಎಂಬುದು ಗೊತ್ತಾಗಲು ಮಾತ್ರ ಇನ್ನೂ ಕೆಲವು ದಿನ ಬೇಕಾಯಿತು.

ಮೊದಲನೆಯದು ಶ್ರೀ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’. 2021ರಲ್ಲಿ ಕನ್ನಡದಲ್ಲಿ ಪ್ರಕಟವಾಗಿ, 2023ರಲ್ಲಿ ಶ್ರೀ ಶ್ರೀನಾಥ ಪೆರೂರರ ಅನುವಾದದಲ್ಲಿ ಇಂಗ್ಲಿಷಿಗೂ ಹೋದ ಕಾದಂಬರಿ. ಕಥೆಯ ಆರಂಭ ಸರಳವಾಗಿದೆ. ಬೆಂಗಳೂರಿನ ಒಂದು ಮನೆ. ಗಂಡ ವೆಂಕಟರಮಣ, ಹೆಂಡತಿ ವಿಜಿ. ಮಗಳು ರೇಖಾಳನ್ನು ಕೇಳಿಕೊಂಡು ಇಬ್ಬರು ಅಪರಿಚಿತ ತರುಣರು ಬಾಗಿಲು ತಟ್ಟುತ್ತಾರೆ. ಮಗಳು ದೂರವಾಣಿಯ ಸಂಪರ್ಕವೂ ಸಿಗದ ಹಳ್ಳಿಯೊಂದಕ್ಕೆ ಹೋಗಿದ್ದಾಳೆ. ಅಲ್ಲಿಂದ ಮುಂದೆ ಕೆಲವೇ ದಿನಗಳ ವ್ಯವಹಾರ. ಏನೋ ನಡೆಯುತ್ತಿದೆ, ಏನೆಂದು ತಂದೆಗೆ ತಿಳಿಯದು, ತಿಳಿಯದೆಂಬುದನ್ನು ಒಪ್ಪಿಕೊಳ್ಳಲು ಮನಸ್ಸೂ ಬಾರದು.

ಈ ವೆಂಕಟರಮಣನ ಬಾಯಿಂದಲೇ ಕಥೆಯೆಲ್ಲ ನಮಗೆ ದೊರೆಯುವುದು. ಆತ ಕೆಟ್ಟವನಲ್ಲ. ಬದುಕಿನಲ್ಲಿ ಯಶಸ್ಸು ಗಳಿಸುವುದು ಹೇಗೆಂದು ಬೋಧಿಸುವ ಪುಸ್ತಕಗಳನ್ನು ಶ್ರದ್ಧೆಯಿಂದ ಓದಿಕೊಂಡವನು. ತಾನು ಉದಾರಿ, ಹೆಂಡತಿ ಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟವನು ಎಂಬ ನಂಬಿಕೆಯಿಂದ ಬಾಳಿದವನು. ಓದುತ್ತ ಓದುತ್ತ ನನಗೆ ಅವನ ಮಾತು ಹಿತವಾಗಿಯೇ ಕೇಳಿಸಿತು. ಸುಮಾರು ಅರ್ಧದವರೆಗೆ ನಾನು ಅವನ ಪಕ್ಷವನ್ನೇ ವಹಿಸಿದ್ದೆ. ಎಲ್ಲಿಯೋ ಒಂದು ಕಡೆ, ಮಗಳ ಮಾತೊಂದಕ್ಕೆ ಅವನು ಕೊಡುವ ಉತ್ತರವನ್ನು ಓದುವಾಗ, ಇದೇ ಉತ್ತರವನ್ನು ಇದೇ ಧ್ವನಿಯಲ್ಲಿ ನಾನೂ ಕೊಟ್ಟಿದ್ದೇನಲ್ಲ ಎನಿಸಿ ಪುಸ್ತಕವನ್ನು ಕೆಳಗಿಟ್ಟೆ. ಸ್ವಾತಂತ್ರ್ಯ ‘ಕೊಟ್ಟಿದ್ದೇನೆ’ ಎನ್ನುವವನು ಬೀಗದ ಕೈಯನ್ನು ತನ್ನ ಸೊಂಟದಲ್ಲೇ ಇಟ್ಟುಕೊಂಡಿರುತ್ತಾನೆಂಬ ಸತ್ಯವನ್ನು ಕಾದಂಬರಿಕಾರರು ಒಂದು ಸಾಲಿನಲ್ಲೂ ಬೋಧಿಸಿಲ್ಲ. ಅವನನ್ನೇ ಮಾತನಾಡಲು ಬಿಟ್ಟು, ನಾವಾಗಿಯೇ ಅದನ್ನು ಕಂಡುಕೊಳ್ಳುವಂತೆ ಮಾಡಿದ್ದಾರೆ.

ಹೆಸರಿನ ವಿಷಯವನ್ನೂ ಹೇಳಬೇಕು. ಮುತ್ತು ಎಂದರೆ ನಮ್ಮ ಭಾಷೆಯಲ್ಲಿ ಸಮುದ್ರದ ಮಣಿಯೂ ಹೌದು, ಚುಂಬನವೂ ಹೌದು. ಹಳೆಯ ಪತ್ರವೊಂದರ ಕೆಟ್ಟ ಅಕ್ಷರವನ್ನು ಬಿಡಿಸಿ ಓದುವ ಪ್ರಯತ್ನದಲ್ಲಿ ಹುಟ್ಟಿದ ಮಾತು ಇದು. ಅಂದರೆ ಕಾದಂಬರಿಯ ಹೆಸರೇ ಒಂದು ತಪ್ಪು ಓದು. ಮನೆಯವರ ಅಕ್ಷರವನ್ನೇ ಓದಲಾರದವರು ಮನೆಯವರ ಮನಸ್ಸನ್ನು ಓದಿಯಾರೆ? ಈ ಪ್ರಶ್ನೆಯೇ ಕೃತಿಯ ಜೀವವೆಂದು ನನ್ನ ಭಾವನೆ.

ನನ್ನದೊಂದು ಆಕ್ಷೇಪಣೆಯೂ ಉಂಟು. ಶಾನಭಾಗರು ಹೇಳದೆ ಬಿಡುವ ಕಲೆಯಲ್ಲಿ ನಿಷ್ಣಾತರು. ಆದರೆ ಹೇಳದೆ ಬಿಡುವುದಕ್ಕೂ ಒಂದು ಮಿತಿಯಿದೆ. ಕೊನೆಯ ಪುಟ ಮುಗಿದಾಗ, ಅತಿಥಿಯನ್ನು ಪಡಸಾಲೆಯಲ್ಲಿ ಕೂರಿಸಿ ಮನೆಯವರೆಲ್ಲ ಒಳಕೋಣೆಯಲ್ಲಿ ಪಿಸುಗುಟ್ಟುತ್ತಿರುವಂತೆ ನನಗೆ ಕೊಂಚ ಸಿಟ್ಟು ಬಂದದ್ದು ನಿಜ. ಅದೇ ವೆಂಕಟರಮಣನ ಅವಸ್ಥೆಯೂ ಹೌದು, ಅದನ್ನೇ ನಮಗೂ ಉಣಬಡಿಸಿದ್ದಾರೆ ಎಂದು ಬಲ್ಲವರು ಸಮಾಧಾನ ಹೇಳಿಯಾರು. ಸಮಾಧಾನ ಸರಿಯೇ, ಸಿಟ್ಟು ಮಾತ್ರ ಹೋಗಿಲ್ಲ.

ಎರಡನೆಯ ಪುಸ್ತಕದ ಬಗ್ಗೆ ಬರೆಯುವ ಮೊದಲು ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಹಾಸನದ ಶ್ರೀಮತಿ ಬಾನು ಮುಷ್ತಾಕರ ‘ಎದೆಯ ಹಣತೆ’ ಎಂಬ ಸಂಕಲನ ಹೊರಬಂದದ್ದು 2004ರಲ್ಲಿ. ನಾನದನ್ನು ಕೊಂಡೂ ಇದ್ದೆ. ಅಲ್ಲೊಂದು ಇಲ್ಲೊಂದು ಪುಟ ತಿರುವಿ, ನಮಗೆ ಪರಿಚಯವಿಲ್ಲದ ಬೇರೆ ಮನೆಗಳ ಕಥೆ ಎಂದುಕೊಂಡು ಕಪಾಟಿನಲ್ಲಿ ಸೇರಿಸಿದ್ದೆ. 2025ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸುದ್ದಿ ಬಂತು. 1990ರಿಂದ 2023ರವರೆಗೆ ಅವರು ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ ಮಡಿಕೇರಿಯ ಶ್ರೀಮತಿ ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದ, ‘ಹಾರ್ಟ್ ಲ್ಯಾಂಪ್’, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು. ಕನ್ನಡದ ಕೃತಿಯೊಂದಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಐವತ್ತು ಸಾವಿರ ಪೌಂಡುಗಳ ಬಹುಮಾನವನ್ನು ಲೇಖಕಿಯೂ ಅನುವಾದಕಿಯೂ ಸಮವಾಗಿ ಹಂಚಿಕೊಳ್ಳುವ ಪದ್ಧತಿ ಅಲ್ಲಿಯದು. ಮೂಲದ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಓರೆ ಅಕ್ಷರಗಳಲ್ಲಿ ಬೇರೆಯಾಗಿ ತೋರಿಸದೆ, ಅಡಿಟಿಪ್ಪಣಿಗಳನ್ನೂ ಕೊಡದೆ ಇಂಗ್ಲಿಷಿನ ನಡುವೆಯೇ ಕೂರಿಸಿದ ಭಾಸ್ತಿಯವರ ಧೈರ್ಯವನ್ನು ಅಲ್ಲಿಯವರು ಮೆಚ್ಚಿದರು.

ಸುದ್ದಿ ಓದಿ ಎಲ್ಲರಂತೆ ನಾನೂ ಹೆಮ್ಮೆಪಟ್ಟೆ. ಆ ಮೇಲೆ ಕಪಾಟಿನ ಹತ್ತಿರ ಹೋಗಿ, ಇಪ್ಪತ್ತೊಂದು ವರ್ಷಗಳಿಂದ ಅಲ್ಲೇ ಕುಳಿತಿದ್ದ ಪುಸ್ತಕದ ಧೂಳು ಕೊಡವಿದೆ. ಪರಊರಿನವರು ಬಂದು ಹೊಗಳಿದ ಮೇಲೆ ಮನೆಯ ಮಗಳ ಮುಖವನ್ನು ತಿರುಗಿ ನೋಡಿದಂತಾಯಿತು. ಆ ಹೆಮ್ಮೆಯಲ್ಲಿ ನಾಚಿಕೆಯ ಪಾಲೂ ಇತ್ತೆಂದು ಒಪ್ಪಿಕೊಳ್ಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಎಲ್ಲ ಕಥೆಗಳೂ ಒಂದೇ ಸಮನಾಗಿಲ್ಲ. ಬಾನು ಅವರು ಬಂಡಾಯ ಚಳವಳಿಯ ಕಾವಿನಲ್ಲಿ ಬೆಳೆದವರು, ವೃತ್ತಿಯಿಂದ ವಕೀಲರು. ಕೆಲವು ಕಡೆ ಕಥೆಗಾರ್ತಿಯನ್ನು ಪಕ್ಕಕ್ಕೆ ಸರಿಸಿ ವಕೀಲರೇ ವಾದಕ್ಕೆ ನಿಂತುಬಿಡುತ್ತಾರೆ. ಗಂಡಸರ ಮೇಲೆ ಹೊರಿಸಿದ ಆರೋಪ ಸತ್ಯವೇ ಆದರೂ, ಆರೋಪಪಟ್ಟಿಯನ್ನು ಓದಿದ ಅನುಭವ ಕಥೆ ಓದಿದ ಅನುಭವವಲ್ಲ. ಇಷ್ಟು ಹೇಳಿದ ಮೇಲೆ, ಎರಡು ಕಥೆಗಳ ಮುಂದೆ ನನ್ನ ಈ ಆಕ್ಷೇಪಣೆ ನಿಲ್ಲಲಾರದು ಎಂದೂ ಹೇಳಬೇಕು.

ಒಂದು, ಕಫನಿನ ಕಥೆ. ಅನುಕೂಲಸ್ಥ ಮನೆಯ ಹೆಂಗಸು ಹಜ್ ಯಾತ್ರೆಗೆ ಹೊರಟಿದ್ದಾಳೆ. ಬಡ ಮುದುಕಿಯೊಬ್ಬಳು, ಜಂಜಂ ತೀರ್ಥದಲ್ಲಿ ಅದ್ದಿದ ಒಂದು ಕಫನಿನ ಬಟ್ಟೆಯನ್ನು ತಂದುಕೊಡಬೇಕೆಂದು ಕೂಡಿಟ್ಟ ಹಣವನ್ನು ಕೊಟ್ಟು ಬೇಡಿಕೊಳ್ಳುತ್ತಾಳೆ. ಯಾತ್ರೆಯ ಗದ್ದಲದಲ್ಲಿ, ಕೊಳ್ಳುವ ಸಾಮಾನುಗಳ ನಡುವೆ, ಆ ಬಟ್ಟೆ ಮರೆತುಹೋಗುತ್ತದೆ. ಮುದುಕಿ ಕಾಯುತ್ತಾಳೆ; ಕಾಯುತ್ತಲೇ ತೀರಿಕೊಳ್ಳುತ್ತಾಳೆ. ಇಲ್ಲಿ ದುಷ್ಟರು ಯಾರೂ ಇಲ್ಲ, ಬರೀ ಮರೆವು. ನಾವು ಮಾಡುವ ಪಾಪಗಳಲ್ಲಿ ಮುಕ್ಕಾಲು ಪಾಲು ಈ ಜಾತಿಗೆ ಸೇರಿದವು. ನಮ್ಮ ಕಾಶಿ ರಾಮೇಶ್ವರಗಳಿಂದ ಗಂಗಾಜಲದ ಗಿಂಡಿ ತರಲು ಮರೆತವರಿಗೆ ಈ ಕಥೆ ಬೇರೆ ಮನೆಯದೆಂದು ಹೇಗೆ ಅನ್ನಿಸೀತು?

ಇನ್ನೊಂದು, ‘ಎದೆಯ ಹಣತೆ’ಯೇ. ಗಂಡ ಬೇರೊಬ್ಬಳ ಸಹವಾಸಕ್ಕೆ ಬಿದ್ದಿದ್ದಾನೆಂದು ಮೆಹರುನ್ ಕಂಕುಳ ಕೂಸಿನೊಡನೆ ತವರಿಗೆ ಬರುತ್ತಾಳೆ. ತವರು ಅವಳ ಮಾತನ್ನು ಕೇಳಿಸಿಕೊಳ್ಳುವ ಮೊದಲು ಮನೆತನದ ಮಾನದ ಲೆಕ್ಕ ಹಾಕುತ್ತದೆ. ಹಾಗೆ ಬರುವುದಕ್ಕಿಂತ ಸಾಯುವುದೇ ಮೇಲಿತ್ತೆಂಬರ್ಥದ ಮಾತು ಒಡಹುಟ್ಟಿದವನ ಬಾಯಿಂದಲೇ ಹೊರಡುತ್ತದೆ. ಅಣ್ಣಂದಿರು ಅವಳನ್ನು ಗಂಡನ ಮನೆಗೆ ತಿರುಗಿ ಬಿಟ್ಟುಬರುತ್ತಾರೆ. ಆ ರಾತ್ರಿ ಅವಳು ತನ್ನ ಬದುಕನ್ನು ಮುಗಿಸಿಕೊಳ್ಳಲು ಅಂಗಳಕ್ಕಿಳಿದಾಗ ತಡೆಯುವುದು ಯಾವ ಹಿರಿಯರೂ ಅಲ್ಲ, ಕೂಸನ್ನೆತ್ತಿಕೊಂಡು ಓಡಿ ಬಂದ ಹಿರಿಯ ಮಗಳು ಸಲ್ಮಾ. ಲೇಖಕಿ ತಾವೇ ಬಾಣಂತನದ ದಿನಗಳ ಖಿನ್ನತೆಯಲ್ಲಿ ಅಂಥದೇ ಅಂಚಿಗೆ ಹೋಗಿ ಹಿಂದಿರುಗಿದ್ದನ್ನು, ಗಂಡ ಕೂಸನ್ನು ತಂದು ತಮ್ಮ ಕಾಲ ಬಳಿಯಿಟ್ಟು ಬೇಡಿಕೊಂಡಿದ್ದನ್ನು, ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬದುಕಿನಲ್ಲಿ ತಡೆದದ್ದು ಗಂಡನ ಕೈ; ಕಥೆಯಲ್ಲಿ ತಡೆದದ್ದು ಮಗಳ ಕೈ. ಆ ಒಂದು ಬದಲಾವಣೆಯಲ್ಲಿ ಕಲ್ಪನೆಯ ಕೆಲಸವೇನೆಂಬುದು ನನಗೆ ಅರ್ಥವಾಯಿತು. ತನ್ನನ್ನು ಉಳಿಸಿದ ಕೈ ಇಲ್ಲದ ಮನೆಗಳಲ್ಲಿ ಹೆಂಗಸರನ್ನು ಉಳಿಸುವವರು ಯಾರು ಎಂದು ಕೇಳಿಕೊಂಡೇ ಆಕೆ ಬರೆದಿರಬೇಕು.

ಈ ಕಥೆಯನ್ನು ಮುಗಿಸಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಹೊಸ ಪುಸ್ತಕವಲ್ಲ, ಹೊಸದಾಗಿ ಮತ್ತೆ ಓದಿದ್ದು. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ವನ್ನು ಧಾರವಾಡದ ಮನೋಹರ ಗ್ರಂಥಮಾಲೆ 2011ರಲ್ಲಿ ಪ್ರಕಟಿಸಿತು. 2019ರಲ್ಲಿ ಅವರು ತೀರಿಕೊಂಡ ಮೇಲೆ, 2021ರಲ್ಲಿ, ಅದರ ಇಂಗ್ಲಿಷ್ ರೂಪ ಹೊರಬಂತು. ಅದರ ಅನುವಾದದಲ್ಲಿ ಕಾರ್ನಾಡರ ಜೊತೆ ಕೈಗೂಡಿಸಿದವರು ‘ಸಕೀನಾಳ ಮುತ್ತು’ವನ್ನು ಅನುವಾದಿಸಿದ ಪೆರೂರರೇ. ಎರಡು ಕಥೆಗಳ ಪುಸ್ತಕಗಳಿಂದ ಕಲಕಿಹೋಗಿದ್ದ ಮನಸ್ಸಿಗೆ, ನಡೆದದ್ದನ್ನು ನಡೆದಂತೆ ಹೇಳುವ ಗ್ರಂಥವೊಂದು ಬೇಕೆನಿಸಿ ಅದನ್ನು ತೆಗೆದೆ. ಶಿರಸಿಯ ಬಾಲ್ಯ, ಯಕ್ಷಗಾನ, ಧಾರವಾಡ, ಆಕ್ಸ್‌ಫರ್ಡು, ನಾಟಕ, ಚಲನಚಿತ್ರ ಇವೆಲ್ಲ ಅಲ್ಲಿ ಇವೆ, ಸೊಗಸಾಗಿಯೇ ಇವೆ. ತಮ್ಮ ಪ್ರೇಮಪ್ರಸಂಗಗಳನ್ನು ಹೇಳುವಾಗ ಕಾರ್ನಾಡರು ಎದುರಿನ ವ್ಯಕ್ತಿಯನ್ನು ಕೊಂಚ ರಂಗದ ಮೇಲಿನ ಪಾತ್ರದಂತೆ ನಿಲ್ಲಿಸುತ್ತಾರೆಂದು ಮೊದಲ ಓದಿನಲ್ಲೇ ಅನಿಸಿತ್ತು. ಎರಡನೆಯ ಓದಿನಲ್ಲೂ ಅನಿಸಿತು.

ಆದರೆ ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಸ್ತಕದ ಅರ್ಪಣೆ. ಅವರ ತಾಯಿ ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಮಗನೊಬ್ಬನನ್ನು ಕಟ್ಟಿಕೊಂಡು, ದಾದಿಯ ವೃತ್ತಿ ಕಲಿತು, ಡಾಕ್ಟರ್ ರಘುನಾಥ ಕಾರ್ನಾಡರನ್ನು ಮರುಮದುವೆಯಾದವರು. ವಿಧವಾವಿವಾಹವೆಂದರೆ ಸಮಾಜ ಬೆನ್ನು ತಿರುಗಿಸುತ್ತಿದ್ದ ಕಾಲವದು. ಗಿರೀಶರು ಗರ್ಭದಲ್ಲಿದ್ದಾಗ, ಮಕ್ಕಳು ಇನ್ನು ಸಾಕೆಂದು ನಿಶ್ಚಯಿಸಿ ತಂದೆತಾಯಿ ಪುಣೆಯ ವೈದ್ಯೆಯೊಬ್ಬರ ಬಳಿ ಹೋದರಂತೆ. ವೈದ್ಯೆ ಹೊತ್ತಿಗೆ ಬರಲಿಲ್ಲ. ಕಾದು ಕಾದು ಇಬ್ಬರೂ ಹಿಂದಿರುಗಿದರು. ಮತ್ತೆ ಹೋಗಲಿಲ್ಲ. 1938ರಲ್ಲಿ ಮಗು ಹುಟ್ಟಿತು. ಮಗ ದೊಡ್ಡವನಾಗಿ ಹೆಸರು ಮಾಡಿದ ಮೇಲೆ, ಊಟದ ಹೊತ್ತಿನಲ್ಲಿ, ಇವನನ್ನು ಬೇಡವೆಂದುಕೊಂಡಿದ್ದೆವಲ್ಲ ಎಂದು ತಾಯಿ ಸಹಜವಾಗಿ ನುಡಿದುಬಿಟ್ಟರು. ಕಾರ್ನಾಡರು ತಮ್ಮ ಆತ್ಮಕಥೆಯನ್ನು, ಬಾರದೆ ಹೋದ ಆ ವೈದ್ಯೆಯ ನೆನಪಿಗೆ ಅರ್ಪಿಸಿದ್ದಾರೆ.

ಮೊದಲ ಸಲ ಓದಿದಾಗ ಇದನ್ನು ನಾಟಕಕಾರರ ಚಮತ್ಕಾರವೆಂದುಕೊಂಡು ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ಮೂವತ್ತು ದಾಟಿದ ಮಗನಿಗೆ ತನ್ನ ತಾಯಿಯ ಬದುಕಿನ ಅಷ್ಟು ದೊಡ್ಡ ಒಂದು ದಿನ ತಿಳಿದಿರಲಿಲ್ಲ. ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವನಿಗೆ! ತಾಯಿ ಬಚ್ಚಿಟ್ಟಿದ್ದರೆಂದು ಹೇಳುವಂತೆಯೂ ಇಲ್ಲ. ಕೇಳಿದವರು ಯಾರೂ ಇರಲಿಲ್ಲ, ಅಷ್ಟೆ. ಕಾದಂಬರಿಯಲ್ಲಿ ಇದೇ ಪ್ರಸಂಗ ಬಂದಿದ್ದರೆ ನಂಬುವುದು ಕಷ್ಟವೆಂದು ನಾವು ಮೂಗೆಳೆಯುತ್ತಿದ್ದೆವು. ನಡೆದದ್ದಾದ್ದರಿಂದ ನಂಬಲೇಬೇಕಾಗಿದೆ. ಕಲ್ಪನೆಯ ಕೃತಿ ನಮ್ಮನ್ನು ಇನ್ನೊಬ್ಬರ ಎದೆಯೊಳಕ್ಕೆ ಕರೆದೊಯ್ಯುತ್ತದೆ. ಆತ್ಮಕಥೆಯಾದರೋ, ಇದು ಕಥೆಯೆಂದು ಜಾರಿಕೊಳ್ಳುವ ದಾರಿಯನ್ನು ಮುಚ್ಚಿಬಿಡುತ್ತದೆ. ಮೂರು ಪುಸ್ತಕಗಳನ್ನು ಜೊತೆಯಲ್ಲಿ ಓದಿದ್ದರಿಂದ ನನಗಾದ ಲಾಭ ಇದೇ. ಲಾಭವೆನ್ನಬೇಕೋ ಏನೆನ್ನಬೇಕೋ!

ಇನ್ನು ನಿದ್ರೆ ಬಾರದ ಆ ರಾತ್ರಿಯ ವಿಷಯ. 1974ರಲ್ಲಿ ನನಗೆ ಹತ್ತೊಂಬತ್ತು ವರ್ಷ. ಕಾಲೇಜಿನ ರಜಕ್ಕೆಂದು ಊರಿಗೆ ಬಂದಿದ್ದೆ. ಒಂದು ಸಂಜೆ ಅಕ್ಕ ಎರಡು ವರ್ಷದ ಮಗಳನ್ನೆತ್ತಿಕೊಂಡು, ಮುನ್ಸೂಚನೆಯಿಲ್ಲದೆ, ಕಡೆಯ ಬಸ್ಸಿನಲ್ಲಿ ಬಂದಿಳಿದಳು. ಒಳಗೆ ಅಮ್ಮನೊಡನೆ ಏನೇನೋ ಮಾತಾಯಿತು. ಅಪ್ಪ ಜಗುಲಿಯ ಮೇಲೆ ಕುಳಿತೇ ಇದ್ದರು. ಮರುದಿನ ಬೆಳಿಗ್ಗೆ ಅವರು ಯಾರ ಮುಖವನ್ನೂ ನೋಡದೆ, “ಹತ್ತು ಗಂಟೆಯ ಬಸ್ಸಿಗೆ ಕಳಿಸಿಬಿಡಿ. ಹೆಣ್ಣುಮಕ್ಕಳು ಗಂಡನ ಮನೆಯಲ್ಲಿದ್ದರೇ ಚೆಂದ” ಎಂದರು. ಟ್ರಂಕನ್ನು ಹೊತ್ತು ಬಸ್ ನಿಲ್ದಾಣಕ್ಕೆ ನಡೆದವನು ನಾನು. ದಾರಿಯಲ್ಲಿ ಒಂದೆರಡು ಸಲ ಅದನ್ನು ಕೆಳಗಿಳಿಸಿ, “ಇದರಲ್ಲಿ ಕಲ್ಲು ತುಂಬಿದ್ದೀಯೇನೇ ಅಕ್ಕ?” ಎಂದು ಗೊಣಗಿದ್ದೂ ನೆನಪಿದೆ. ಅವಳು ಉತ್ತರ ಕೊಡಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ, “ಚೆನ್ನಾಗಿ ಓದು ಪುಟ್ಟು” ಎಂದಳು. ನನಗೆ ಸಂತೋಷವಾಯಿತು.

ಚೆನ್ನಾಗಿಯೇ ಓದಿದೆ. ಐವತ್ತು ವರ್ಷಗಳಲ್ಲಿ ಎಷ್ಟು ಪುಸ್ತಕಗಳನ್ನು ಓದಿರಬಹುದೆಂಬುದಕ್ಕೆ ಲೆಕ್ಕವಿಲ್ಲ. ಹೆಣ್ಣಿನ ಶೋಕವನ್ನು ಕುರಿತು ಬರೆದ ಮಹಾಕೃತಿಗಳಿಗಾಗಿ ಕಣ್ಣೀರು ಹಾಕಿದ್ದೇನೆ. ಗೆಳೆಯರ ನಡುವೆ ಅವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೇನೆ. ಆ ಬೆಳಿಗ್ಗೆಯ ವಿಷಯವನ್ನು ಮಾತ್ರ ಅಕ್ಕನ ಬಳಿ ಒಂದು ದಿನವೂ ಎತ್ತಲಿಲ್ಲ. ಎತ್ತಬಾರದೆಂಬ ದುರುದ್ದೇಶವೇನೂ ಇರಲಿಲ್ಲ. ಕಫನಿನ ಬಟ್ಟೆಯಂತೆ, ಮರೆತುಹೋಗಿತ್ತು. ಮೆಹರುನ್ನಳ ಅಣ್ಣಂದಿರು ಅವಳನ್ನು ತಿರುಗಿ ಕರೆದೊಯ್ಯುವ ಪುಟಗಳನ್ನು ಓದುವಾಗ ನನ್ನ ಹೆಗಲಿನ ಮೇಲೆ ಆ ಟ್ರಂಕಿನ ಭಾರ ಮತ್ತೆ ಕೂತಿತು. ಬೇರೆ ಮನೆಗಳ ಕಥೆಯೆಂದು ಕಪಾಟಿಗೆ ಸೇರಿಸಿದ್ದೆನಲ್ಲ, ಅದು ಅಕ್ಷರಶಃ ನಮ್ಮ ಮನೆಯ ಕಥೆಯಾಗಿತ್ತು.

ಅಕ್ಕನಿಗೆ ಈಗ ಎಪ್ಪತ್ತೈದು ದಾಟಿದೆ. ಭಾವನವರು ತೀರಿಕೊಂಡು ಹನ್ನೆರಡು ವರ್ಷಗಳಾದವು. ಮಗಳ ಮನೆಯಲ್ಲಿದ್ದಾಳೆ. ಕಣ್ಣು ಇನ್ನೂ ಚೆನ್ನಾಗಿವೆ. ಹೋದ ತಿಂಗಳು ಹೋಗಿದ್ದಾಗ ‘ಎದೆಯ ಹಣತೆ’ಯನ್ನು ಕೊಟ್ಟುಬಂದೆ. ಕೊಡಬೇಕೋ ಬೇಡವೋ ಎಂದು ಬಹಳ ಯೋಚಿಸಿದ್ದೆ. ಮುಚ್ಚಿದ ಗಾಯವನ್ನು ಕೆದಕುವ ಅಧಿಕಾರ ನನಗೇನಿದೆ ಎಂದೂ ಅನಿಸಿತ್ತು. ಹದಿನೈದು ದಿನಗಳ ಮೇಲೆ ಮತ್ತೆ ಹೋದಾಗ, ಕಾಫಿ ಕೊಟ್ಟು, ಎದುರಿಗೆ ಕುಳಿತು, ತಾನಾಗಿಯೇ ಮಾತು ತೆಗೆದಳು.

“ಆ ಟ್ರಂಕು ಅಷ್ಟು ಭಾರ ಯಾಕಿತ್ತು ಗೊತ್ತೇನೋ? ತಿರುಗಿ ಹೋಗಬಾರದು ಅಂತ ನಿಶ್ಚಯ ಮಾಡಿಕೊಂಡು ಇದ್ದದ್ದನ್ನೆಲ್ಲಾ ತುಂಬಿಕೊಂಡು ಬಂದಿದ್ದೆ.”

ನಾನು ಏನೂ ಹೇಳಲಾರದೆ ಹೋದೆ. ಕ್ಷಮಿಸೆಂದು ಕೇಳುವ ಮಾತು ಗಂಟಲಿನವರೆಗೆ ಬಂತು. ಇಷ್ಟು ತಡವಾಗಿ ಆ ಮಾತಿಗೆ ಬೆಲೆಯೇನೆನಿಸಿತು. ಆದರೂ ಕೇಳಿದೆ. ಅವಳು, “ಹತ್ತೊಂಬತ್ತು ವರ್ಷದ ಹುಡುಗ ನೀನೇನು ಮಾಡಲಿಕ್ಕೆ ಆಗ್ತಿತ್ತು? ಕೇಳಬಹುದಿತ್ತು, ಅಷ್ಟೆ” ಎಂದಳು. ಆಮೇಲೆ ಸಂಜೆಯವರೆಗೆ ಅವಳು ಹೇಳಿದಳು, ನಾನು ಕೇಳಿದೆ. ಅವಳು ಹೇಳಿದ್ದು ಇಲ್ಲಿ ಬರೆಯತಕ್ಕದ್ದಲ್ಲ.

ಸಾಹಿತ್ಯದಿಂದ ಪ್ರಯೋಜನವೇನೆಂದು ಸಭೆಗಳಲ್ಲಿ ಆಗಾಗ ಚರ್ಚೆಯಾಗುತ್ತದೆ. ಪುಸ್ತಕಗಳು ಲೋಕವನ್ನು ತಿದ್ದುತ್ತವೆಂದು ಸಾರುವಷ್ಟು ಉತ್ಸಾಹ ಈ ವಯಸ್ಸಿನಲ್ಲಿ ನನಗೆ ಉಳಿದಿಲ್ಲ. ಒಂದು ಕಾದಂಬರಿ ನಾನು ಕುರುಡನಾಗಿರಬಹುದೆಂದು ಸಂಶಯ ಹುಟ್ಟಿಸಿತು. ಒಂದು ಕಥೆ ಎಲ್ಲಿ ಕುರುಡನಾಗಿದ್ದೆನೆಂದು ತೋರಿಸಿತು. ಒಂದು ಆತ್ಮಕಥೆ, ಕೇಳಿದರೆ ಮನೆಯವರು ಹೇಳಿಯಾರೆಂಬ ಭರವಸೆ ಕೊಟ್ಟಿತು. ಮೂರೂ ಸೇರಿ ಒಬ್ಬ ಮುದುಕನನ್ನು ಅವನ ಅಕ್ಕನ ಎದುರಿಗೆ ಕೂರಿಸಿದವು. ಇದಕ್ಕಿಂತ ಹೆಚ್ಚಿನ ಪ್ರಯೋಜನವನ್ನು ನಾನಂತೂ ಪುಸ್ತಕಗಳಿಂದ ಬೇಡಲಾರೆ.

ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದು, “ಇನ್ನೇನಾದರೂ ಓದುವಂಥದ್ದು ಇದ್ದರೆ ತಂದುಕೊಡೋ” ಎಂದಳು. ಈ ಭಾನುವಾರ ಕಾರ್ನಾಡರನ್ನು ಒಯ್ಯಬೇಕೆಂದಿದ್ದೇನೆ. ಮಕ್ಕಳು ಕೇಳದೆಹೋದ ಕೃಷ್ಣಾಬಾಯಿಯವರ ಆ ದಿನದ ಬಗ್ಗೆ ಅವಳು ಏನು ಹೇಳುತ್ತಾಳೆಂದು ತಿಳಿಯುವ ಕುತೂಹಲ ನನಗಿದೆ.